ಮಗ ‘ರಸ್ತೆ’ಯನ್ನು ‘ರ-ಸೆ-ತ’ ಅಂತ ಓದುತ್ತಾನೆ. ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ?

ಪುಟ್ಟನ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಏಳು ವರ್ಷ ಎರಡು ತಿಂಗಳು. ಎರಡನೇ ಕ್ಲಾಸು. ಇಂಗ್ಲಿಷ್ ಮೀಡಿಯಂ, ಕನ್ನಡ ಎರಡನೇ ಭಾಷೆ. ಮನೆಯಲ್ಲಿ ಮಾತೆಲ್ಲ ಕನ್ನಡವೇ. ನಮ್ಮತ್ತೆ ಮಂಡ್ಯ ಕಡೆಯವರು, ನಮ್ಮ ಜೊತೆಯಲ್ಲೇ ಇದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಾಗಾಗಿ ಪುಟ್ಟ ಬೆಳೆದಿದ್ದೆಲ್ಲ ಅಜ್ಜಿಯ ಮಡಿಲಲ್ಲೇ.

ಮಾತಿಗೆ ಅವನಿಗೆ ಕೊರತೆ ಇಲ್ಲ. ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಶುರು. ಯಾರ ಡಬ್ಬಿಯಲ್ಲಿ ಏನಿತ್ತು, ಯಾರು ಯಾರನ್ನು ತಳ್ಳಿದರು, ಅಜ್ಜಿ ಹೇಳಿದ ಕಥೆಯಲ್ಲಿ ನರಿ ಹೇಗೆ ಬಾವಿಗೆ ಬಿತ್ತು, ಎಲ್ಲ ಒಂದೇ ಉಸಿರಿಗೆ ಹೇಳುತ್ತಾನೆ. ಅದೇ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಭುಜ ಎರಡೂ ಕಿವಿ ಹತ್ತಿರಕ್ಕೆ ಏರುತ್ತವೆ. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದುತ್ತಾನೆ.

ಹೋದ ಭಾನುವಾರ ಪಾಠದಲ್ಲಿ ‘ರಸ್ತೆ’ ಅಂತ ಬಂತು. ಅವನು ಓದಿದ್ದು ‘ರ… ಸೆ… ತ’. ಓದಿ ನನ್ನ ಮುಖ ನೋಡಿ, “ರಸೆತ ಅಂದ್ರೆ ಏನಮ್ಮ?” ಅಂದ. ದಿನಾ ನನ್ನ ಕೈ ಹಿಡಿದು ರಸ್ತೆ ದಾಟುವ ಹುಡುಗ. ‘ಅಕ್ಕಿ’ ಅವನಿಗೆ ‘ಅ-ಕಿ-ಕ’. ‘ಸೂರ್ಯ’ ‘ಸೂ-ಯ-ರ’. ಬಸ್ಸಿಗೆ ಕಾಯುವಾಗ ಬೋರ್ಡು ಓದು ಅಂದರೆ ‘ನಿಲ್ದಾಣ’ ‘ನಿ-ಲಾ-ದ-ಣ’ ಆಯಿತು.

ಬರೆಯುವಾಗ ಇನ್ನೊಂದು ತೊಂದರೆ. ‘ಹಾಲು’ ಹೇಳಿದರೆ ‘ಆಲು’ ಬರೆಯುತ್ತಾನೆ. ‘ಹಣ್ಣು’ ಹೇಳಿದರೆ ‘ಅಣ್ಣು’. ಇದಕ್ಕೆ ಕ್ಲಾಸಿನಲ್ಲಿ ಬೈಸಿಕೊಂಡ. ಮುಂದಿನ ವಾರದ ಉಕ್ತಲೇಖನದಲ್ಲಿ ‘ಅಕ್ಕಿ’ ಹೇಳಿದರೆ ‘ಹಕ್ಕಿ’ ಬರೆದ. ಅದನ್ನು ಜೋರಾಗಿ ಓದಿ ಹೇಳಿದರಂತೆ, ಮಕ್ಕಳೆಲ್ಲ ನಕ್ಕರಂತೆ. ಅವತ್ತಿನಿಂದ ಉಕ್ತಲೇಖನದ ದಿನ ಬೆಳಿಗ್ಗೆ ಹೊಟ್ಟೆನೋವು. ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ. ನಿಜವಾಗಲೂ ಬೆವರಿರುತ್ತಾನೆ.

ಪೋಷಕರ ಸಭೆಯಲ್ಲಿ ಟೀಚರ್ ಹೇಳಿದ್ದು ಇಷ್ಟು: “ಅಜ್ಜಿ ಭಾಷೆ ಕೇಳಿ ಕೇಳಿ ಹೀಗಾಗಿದೆ. ಎರಡು ಭಾಷೆ ಆದರೆ ಮಗುವಿಗೆ ಗೊಂದಲ. ಸ್ವಲ್ಪ ದಿನ ಮನೆಯಲ್ಲೂ ಇಂಗ್ಲಿಷ್ ಮಾತಾಡಿ.” ನಾನು ಇದನ್ನು ಯಜಮಾನರಿಗೆ ಹೇಳುವಾಗ ಅತ್ತೆ ಕೇಳಿಸಿಕೊಂಡುಬಿಟ್ಟರು. ನಾಲ್ಕು ದಿನದಿಂದ ಅವರು ಮೊಮ್ಮಗನ ಹತ್ತಿರ ಮಾತೇ ಕಡಿಮೆ ಮಾಡಿದ್ದಾರೆ. ಊಟ ಬಡಿಸುತ್ತಾರೆ, ಸುಮ್ಮನೆ ಕೂರುತ್ತಾರೆ. ಕೇಳಿದರೆ, “ನನ್ ಮಾತಿಂದ ಮಗಿಗೆ ತೊಂದ್ರೆ ಆಗೋದಾದ್ರೆ ಬ್ಯಾಡ ಕಣವ್ವ” ಅಂದರು. ರಾತ್ರಿ ಕಥೆ ಇಲ್ಲದೆ ಅವನಿಗೆ ನಿದ್ದೆ ಬರುತ್ತಿಲ್ಲ. ನನಗೂ ಬರುತ್ತಿಲ್ಲ.

ಹಿಂದಿನದ್ದೂ ಹೇಳಿಬಿಡುತ್ತೇನೆ. ಮಾತು ಶುರುವಾಗಿದ್ದು ಸರಿಯಾದ ಸಮಯಕ್ಕೇ. ಆದರೆ ನಾಲ್ಕೂವರೆ ವರ್ಷದ ತನಕ ‘ಕಾಗೆ’ಗೆ ‘ತಾದೆ’ ಅನ್ನುತ್ತಿದ್ದ. ಆಮೇಲೆ ತಾನಾಗಿಯೇ ಸರಿಹೋಯಿತು. ನೆಗಡಿ ಜಾಸ್ತಿ, ಮಳೆಗಾಲ ಪೂರ್ತಿ ಮೂಗು ಕಟ್ಟಿರುತ್ತದೆ. ನನ್ನ ಮೈದುನನಿಗೂ ಚಿಕ್ಕಂದಿನಲ್ಲಿ ಓದು ಹತ್ತುತ್ತಿರಲಿಲ್ಲವಂತೆ. ಇಂಗ್ಲಿಷಿನಲ್ಲಿ ಬಸ್, ಕ್ಯಾಟ್ ಥರದ ಸಣ್ಣ ಪದ ಓದುತ್ತಾನೆ. ಉದ್ದದ ಪದ ಬಂದರೆ ಮೊದಲಕ್ಷರ ನೋಡಿ ಊಹೆ ಮಾಡಿ ಏನೋ ಒಂದು ಹೇಳುತ್ತಾನೆ.

ಇದು ದೊಡ್ಡ ತೊಂದರೆಯಾ? ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ? ಯಾರಿಗೆ ತೋರಿಸಬೇಕು?

ಇಬ್ಬರು ಹೆಣ್ಣುಮಕ್ಕಳ ಅಪ್ಪ, ಶಿವಮೊಗ್ಗ

ಮೇಡಂ, ನಮ್ಮ ದೊಡ್ಡವಳದ್ದೂ ಇದೇ ಕಥೆ. ಒತ್ತಕ್ಷರ ಸರಿಯಾಗಿ ಹಿಡಿತಕ್ಕೆ ಬಂದಿದ್ದು ನಾಲ್ಕನೇ ಕ್ಲಾಸಿನಲ್ಲಿ.

ನಾವು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ. ದಿನಾ ಎರಡು ಪುಟ ಕಾಗುಣಿತ ಬರೆಸಿದೆವು. ‘ಕಕಾರಕ್ಕೆ ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು’ ಅಂತ ಪೂರ್ತಿ ರಾಗವಾಗಿ ಹೇಳುತ್ತಿದ್ದಳು. ಖುಷಿಯಾಗುತ್ತಿತ್ತು. ಒಂದು ದಿನ ನಡುವಿನ ‘ಕೂ’ ಮೇಲೆ ಬೆರಳಿಟ್ಟು ಇದೇನು ಅಂದೆ. ಮೊದಲಿಂದ ಹಾಡುತ್ತಾ ಬಂದು ‘ಕೂ’ ಮುಟ್ಟಿದಳು. ಹಾಡು ಬಾಯಿಗೆ ಬಂದಿತ್ತು, ಅಕ್ಷರ ಕಣ್ಣಿಗೆ ಬಂದಿರಲಿಲ್ಲ. ಎಂಟು ತಿಂಗಳು ಹಾಗೇ ಕಳೆದಿದ್ದೆವು.

ನಿಮ್ಮ ಅತ್ತೆಯವರನ್ನು ಮಾತ್ರ ಸುಮ್ಮನಿರಲು ಬಿಡಬೇಡಿ. ಓದಿ ತುಂಬಾ ಬೇಜಾರಾಯಿತು.

ಸ್ಪೀಚ್ ಥೆರಪಿಸ್ಟ್, ಮೈಸೂರು

ಪುಟ್ಟನ ಅಮ್ಮ ಅವರೇ, ಹದಿನಾರು ವರ್ಷದಿಂದ ಮಕ್ಕಳ ಮಾತು ಮತ್ತು ಓದಿನ ಜೊತೆಯೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿಯೇ ಅಜ್ಜಿಯಿಂದ ಕಥೆ ಹೇಳಿಸಿ. ಉಳಿದಿದ್ದೆಲ್ಲ ಆಮೇಲೆ.

ಎರಡು ಭಾಷೆಯಿಂದ ಮಗುವಿಗೆ ಮಾತಿನ ತೊಂದರೆಯೂ ಬರುವುದಿಲ್ಲ, ಓದಿನ ತೊಂದರೆಯೂ ಬರುವುದಿಲ್ಲ. ಕಲಿಕೆಯ ತೊಂದರೆ ನಿಜವಾಗಿಯೂ ಇದ್ದರೆ ಅದು ಎರಡೂ ಭಾಷೆಯಲ್ಲಿ ಇರುತ್ತದೆ. ಒಂದನ್ನು ಬಿಡಿಸಿದರೆ ವಾಸಿಯಾಗುವುದಿಲ್ಲ. ಮನೆಮಾತು ಕಿತ್ತುಕೊಂಡರೆ ಓದಿಗೆ ನಷ್ಟವೇ ಜಾಸ್ತಿ. ಯಾಕೆ ಅಂದರೆ, ಕಣ್ಣು ತಡವರಿಸುತ್ತಾ ಓದಿದ ಪದವನ್ನು ಗುರುತು ಹಿಡಿಯುವುದು ಕಿವಿ. “ರಸೆತ ಅಂದ್ರೆ ಏನಮ್ಮ?” ಅಂತ ಕೇಳಿದನಲ್ಲ, ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಓದಿದ್ದಕ್ಕೆ ಅರ್ಥ ಇರಬೇಕು ಅಂತ ಅವನಿಗೆ ಗೊತ್ತಿದೆ. ಅರ್ಥ ಹತ್ತದಿದ್ದಾಗ ನಿಂತು ಕೇಳಿದ. ಎಷ್ಟೋ ಮಕ್ಕಳು ಕೇಳುವುದೇ ಇಲ್ಲ.

ಈಗ ಆ ‘ರ-ಸೆ-ತ’ ನೋಡೋಣ. ಒಂದು ಹಾಳೆ ಮೇಲೆ ‘ರಸ್ತೆ’ ಅಂತ ದೊಡ್ಡದಾಗಿ ಬರೆಯಿರಿ. ಕನ್ನಡ ಓದಲು ಬರುವುದೇ ಇಲ್ಲ ಅಂದುಕೊಂಡು ನೋಡಿ. ಮೊದಲು ರ. ಆಮೇಲೆ ಸ, ಅದರ ತಲೆ ಮೇಲೆ ಏತ್ವ. ಅಂದರೆ ‘ಸೆ’. ಅದರ ಕೆಳಗೆ ತ ಒತ್ತು. ನಿಮ್ಮ ಮಗ ಹಾಳೆ ಮೇಲೆ ಇದ್ದದ್ದನ್ನೇ ಇದ್ದ ಹಾಗೆ ಓದಿದ್ದಾನೆ! ಆದರೆ ಬಾಯಲ್ಲಿ ಬರುವ ಕ್ರಮ ಬೇರೆ. ಮೊದಲು ಸ್, ಆಮೇಲೆ ತ್, ಕೊನೆಗೆ ಎ. ನಮ್ಮ ಲಿಪಿಯಲ್ಲಿ ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿರುತ್ತದೆ, ಸದ್ದು ಮಾತ್ರ ಕೆಳಗಿನ ಒತ್ತು ಮುಗಿದ ಮೇಲೆ ಬರುತ್ತದೆ. ‘ಅಕ್ಕಿ’, ‘ನಿಲ್ದಾಣ’ ಎರಡರಲ್ಲೂ ಅವನು ಮಾಡಿದ್ದು ಇದೇ. ‘ಸೂರ್ಯ’ ಇನ್ನೂ ಕಷ್ಟ. ಅಲ್ಲಿ ರ್ ಸದ್ದು ಮೊದಲು ಬರುತ್ತದೆ, ಅದರ ಗುರುತು ಅರ್ಕಾವತ್ತು ಯ ಆದ ಮೇಲೆ ಕೂತಿರುತ್ತದೆ. ಇದು ಅಜಾಗ್ರತೆ ಅಲ್ಲ. ಗುಡಿಸು, ಏತ್ವ, ಒತ್ತು ಎಲ್ಲ ಅವನಿಗೆ ಗೊತ್ತಿವೆ. ಇವು ಸೇರಿ ಒಂದೇ ಗೊಂಚಲು ಅನ್ನುವುದನ್ನು ಯಾರೂ ಕೂತು ತೋರಿಸಿಲ್ಲ, ಅಷ್ಟೇ.

ಇನ್ನೊಂದು ವಿಷಯ ದೊಡ್ಡವರಿಗೆ ಮರೆತೇಹೋಗಿರುತ್ತದೆ. ಕ, ಗ, ದ ಇವುಗಳ ಒತ್ತು ನೋಡಿದರೆ ಮೂಲ ಅಕ್ಷರದ ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಇಲ್ಲವೇ ಇಲ್ಲ. ಆದರೆ ‘ಇಲ್ಲ’, ‘ನನ್ನ’, ‘ಮತ್ತೆ’, ‘ಅಮ್ಮ’ ಇಲ್ಲದೆ ಕನ್ನಡದ ಒಂದು ಪುಟ ಮುಗಿಯುತ್ತದಾ? ಕಷ್ಟದ್ದೇ ಮೊದಲು ಎದುರಾಗುತ್ತದೆ.

49 ಅಕ್ಷರ ಕಲಿತರೆ ಓದು ಬಂತು ಅಂದುಕೊಳ್ಳುತ್ತೇವೆ. ಆದರೆ 34 ವ್ಯಂಜನಕ್ಕೆ ಕಾಗುಣಿತ ಕೂಡಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರ ಅದರ ಮೇಲೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿದ್ದೂ ಇದೇ. ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ. ಎರಡನೇ ಕ್ಲಾಸಿನ ಮಗು ‘ನಿಲ್ದಾಣ’ದಲ್ಲಿ ಎಡವಿದರೆ ಅಷ್ಟಕ್ಕೇ ಕಾಯಿಲೆ ಅನ್ನಬಾರದು.

ಮನೆಯಲ್ಲಿ ಹೀಗೆ ಮಾಡಿ. ಹಳೇ ಮದುವೆ ಕಾಗದ ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಒಂದರಲ್ಲಿ ‘ರ’, ಇನ್ನೊಂದರಲ್ಲಿ ‘ಸ್ತೆ’. ‘ಸ್ತೆ’ಯನ್ನು ಯಾವತ್ತೂ ಒಡೆಯಬೇಡಿ, ಒಂದೇ ಚೀಟಿಯಲ್ಲಿ ಇರಲಿ. ಮೊದಲು ಕಾಗದ ಮುಚ್ಚಿಟ್ಟು ಬಾಯಲ್ಲಿ ಹೇಳಿಸಿ: ‘ರಸ್… ತೆ’. ಎರಡು ಚಪ್ಪಾಳೆ. ನಾಲಿಗೆ ‘ಸ್’ ಹತ್ತಿರ ತಡೆದು ನಿಲ್ಲುವುದು ಅವನಿಗೆ ಗೊತ್ತಾಗಲಿ. ಆಮೇಲೆ ಚೀಟಿ ತೆಗೆದು ತೋರಿಸಿ. ಅಕ್ಕ, ಅಮ್ಮ, ಅಜ್ಜಿ, ಬೆಲ್ಲ, ಇಲ್ಲ ಥರ ಅದೇ ಅಕ್ಷರಕ್ಕೆ ಅದೇ ಒತ್ತು ಇರುವ ಪದ ಮೊದಲು. ದಿನಕ್ಕೆ ಐದು ಪದ, ಹತ್ತು ನಿಮಿಷ ಸಾಕು. ಭುಜ ಏರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಎಲ್ಲ ಅವನಿಗೆ ಮಾತಲ್ಲಿ ಚೆನ್ನಾಗಿ ಗೊತ್ತಿರುವ ಪದಗಳೇ ಇರಲಿ. ಅಜ್ಜಿ ಬೇಕಾಗುವುದು ಇಲ್ಲೇ.

‘ಆಲು’, ‘ಅಣ್ಣು’ ಬಗ್ಗೆ. ಹಳೇ ಮೈಸೂರಿನ ಎಷ್ಟೋ ಊರುಗಳ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗಿದೆ. ಅದು ಆ ಸೀಮೆಯ ಕನ್ನಡ. ಅದಕ್ಕೆ ಥೆರಪಿ ಬೇಕಿಲ್ಲ. ಪುಟ್ಟನ ಕಿವಿಗೆ ಹ ಬೀಳುವುದಿಲ್ಲ, ಹಾಗಾಗಿ ಬರೆಯುವಾಗ ಸದ್ದಿನ ಆಸರೆ ಸಿಗುವುದಿಲ್ಲ. ಬೈಸಿಕೊಂಡ ಮೇಲೆ ‘ಅಕ್ಕಿ’ಗೆ ‘ಹಕ್ಕಿ’ ಬರೆದನಲ್ಲ, ಎಲ್ಲೋ ಒಂದು ಹ ಹಾಕಬೇಕು ಅಂತ ಅರ್ಥ ಮಾಡಿಕೊಂಡಿದ್ದಾನೆ, ಯಾವ ಪದಕ್ಕೆ ಅಂತ ಗೊತ್ತಿಲ್ಲ. ಅದನ್ನು ಓದಿ ನಗಿಸಿದ್ದು ನನಗೆ ನಿಜವಾಗಿಯೂ ಸಂಕಟ ಆಯಿತು. ‘ಇದು ಅಜ್ಜಿ ಮಾತು, ಇದು ಪುಸ್ತಕದ ಮಾತು, ಎರಡೂ ನಮ್ಮದೇ’ ಅಂತ ಹೇಳಿಕೊಡಿ. ಮಕ್ಕಳು ಬೇಗ ಹಿಡಿಯುತ್ತಾರೆ.

ಹಾಗಂತ ಎಲ್ಲ ತಾನಾಗೇ ಸರಿಹೋಗುತ್ತದೆ ಅಂತ ಸುಮ್ಮನಿರಬೇಡಿ. ನೀವು ಕೊನೆಯಲ್ಲಿ ಬರೆದ ನಾಲ್ಕು ವಿಷಯ ನಾನು ಗುರುತು ಹಾಕಿಕೊಂಡಿದ್ದೇನೆ. ‘ತಾದೆ’ ನಾಲ್ಕೂವರೆ ತನಕ ಇದ್ದದ್ದು, ನೆಗಡಿ, ಚಿಕ್ಕಪ್ಪನ ಓದು, ಇಂಗ್ಲಿಷಿನಲ್ಲಿ ಊಹೆ. ನೆಗಡಿ ಜಾಸ್ತಿ ಇರುವ ಮಕ್ಕಳಿಗೆ ಕಿವಿಯ ಪರದೆ ಹಿಂದೆ ನೀರು ತುಂಬಬಹುದು. ನೋವೇ ಇರುವುದಿಲ್ಲ. ಕಿವಿ ಒಂದು ವಾರ ಮಂದ, ಇನ್ನೊಂದು ವಾರ ಸರಿ. ಕರೆದರೆ ತಿರುಗಿ ನೋಡುತ್ತಾರೆ, ಸಣ್ಣ ಸದ್ದುಗಳು ಮಾತ್ರ ತಪ್ಪಿಹೋಗುತ್ತವೆ. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಚುಚ್ಚುವುದು ಏನೂ ಇಲ್ಲ.

ಆಮೇಲೆ ಬಿಡಿ ಅಕ್ಷರಗಳ ಚೀಟಿ ಕಲಸಿ ಒಂದೊಂದಾಗಿ ತೋರಿಸಿ. ತಟ್ಟನೆ ಹೇಳುತ್ತಾನಾ, ನೆನಪು ಮಾಡಿಕೊಂಡು ಹೇಳುತ್ತಾನಾ ನೋಡಿ. ‘ಕಮಲ’ದಲ್ಲಿ ಕ ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿ. ಈ ವಯಸ್ಸಿಗೆ ‘ಮಲ’ ಅಂತ ಹೇಳಲು ಬರಬೇಕು. ಎರಡು ವರ್ಷ ಕಲಿತ ಮೇಲೂ ಬಿಡಿ ಅಕ್ಷರವೇ ಮರೆಯುತ್ತಿದ್ದರೆ, ಅಥವಾ ಮೂರು ನಾಲ್ಕು ತಿಂಗಳು ಸರಿಯಾಗಿ ಹೇಳಿಕೊಟ್ಟೂ ಕದಲದಿದ್ದರೆ, ತೋರಿಸಿ. ನಿಮಗೆ ಹತ್ತಿರ ನಿಮ್ಹಾನ್ಸ್. ಮೈಸೂರಿಗೆ ಬರುವುದಾದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು, ಶ್ರವಣ, ಓದು ಎಲ್ಲವನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ, ಕನ್ನಡದಲ್ಲೇ ನೋಡುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿ ಕಳಿಸುವ ಕಡೆ ಒಪ್ಪಬೇಡಿ, ಎರಡೂ ಭಾಷೆಯಲ್ಲಿ ನೋಡಿ ಅಂತ ಕೇಳಿ. ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಿದ್ದಾರೆ. ಪ್ರಮಾಣಪತ್ರದ ಮಾತು ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆ. ಸಹಾಯಕ್ಕೆ ಪ್ರಮಾಣಪತ್ರ ಕಾಯಬೇಕಿಲ್ಲ.

ನಿವೃತ್ತ ಮೇಷ್ಟ್ರು, ಹೆಗ್ಗಡದೇವನಕೋಟೆ

ನೋಡಮ್ಮಾ, ಥೆರಪಿಸ್ಟ್ ಮೇಡಂ ಹೇಳಬೇಕಾದ್ದೆಲ್ಲ ಹೇಳಿದ್ದಾರೆ. ನಾನು ಕ್ಲಾಸಿನ ಅನುಭವ ಸ್ವಲ್ಪ ಸೇರಿಸುತ್ತೇನೆ.

ನಮ್ಮ ತಾಲ್ಲೂಕಿನಲ್ಲಿ 1995ರಲ್ಲಿ ನಲಿಕಲಿ, ಅಂದರೆ ಆಟವಾಡುತ್ತಾ ಕಲಿಸುವ ಪದ್ಧತಿ, ಶುರುವಾದಾಗ ನಾನು ಹೊಸ ಮೇಷ್ಟ್ರು. ಅದರಲ್ಲಿ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೊದಲ ತಿಂಗಳೇ ಮಗುವಿಗೆ ‘ನಾನು ಓದಿದೆ’ ಅನ್ನುವ ಖುಷಿ. ಆ ಖುಷಿ ನಿಮ್ಮ ಪುಟ್ಟನಿಗೆ ಈಗ ಬೇಕಾಗಿದೆ.

ಹಾಡಿಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಮನೆಮಾತು ಜೇನುಕುರುಬರದು. ಎರಡು ತಿಂಗಳು ಬಾಯಿ ಬಿಡಲಿಲ್ಲ. ನಾನು ಅವಳಿಗೆ ಪಾಠ ಓದಿಸುವುದು ಬಿಟ್ಟೆ. “ನಿನ್ನೆ ಏನು ಮಾಡಿದೆ, ಹೇಳವ್ವ” ಅಂದೆ. ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಸ್ಲೇಟಿನ ಮೇಲೆ ಬರೆದೆ. ಅಪ್ಪನ ಜೊತೆ ಕಾಡಿಗೆ ಹೋಗಿದ್ದು, ಜೇನು ಕಚ್ಚಿದ್ದು. ತಾನು ಹೇಳಿದ್ದೇ ಅಲ್ಲಿ ಇದೆ ಅಂತ ಗೊತ್ತಾದಾಗ ಸ್ಲೇಟು ಕಸಿದುಕೊಂಡು ಓದಿದಳು. ‘ಜೇನು’ ಅನ್ನುವ ಕಡೆ ಬೆರಳಿಟ್ಟು ಮೂರು ಸಲ ಓದಿದಳು. ಮಾರನೇ ದಿನ ಸ್ಲೇಟು ಅಳಿಸಲು ಬಿಡಲಿಲ್ಲ.

ನೀವೂ ಹಾಗೇ ಮಾಡಿ. ರಾತ್ರಿ ಅಜ್ಜಿ ಕಥೆ ಹೇಳಲಿ. ಬೆಳಿಗ್ಗೆ ಪುಟ್ಟ ನಿಮಗೆ ಅದನ್ನು ಹೇಳಲಿ. ನೀವು ನಾಲ್ಕು ಸಾಲು ಬರೆಯಿರಿ, ಅವನ ಮಾತಲ್ಲೇ. ಅದನ್ನೇ ಓದಿಸಿ. ಮುಂದಿನ ಪದ ಏನು ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ, ಒತ್ತಕ್ಷರ ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ. ಇನ್ನೂ ಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಒಂದನೇ ಹಂತದ್ದು ತೆಗೆದುಕೊಳ್ಳಿ. ವಯಸ್ಸಿಗೆ ಸಣ್ಣದಾಯಿತು ಅಂತ ಯೋಚಿಸಬೇಡಿ.

ಟೀಚರ್ ಹತ್ತಿರ ಜಗಳ ಬೇಡಮ್ಮಾ. ಉಕ್ತಲೇಖನವನ್ನು ಎಲ್ಲರ ಮುಂದೆ ಓದಬೇಡಿ ಅಂತ ಒಂದು ಮಾತು ಮಾತ್ರ ಕೇಳಿಕೊಳ್ಳಿ.

ಪುಟ್ಟನ ಅಮ್ಮ, ಬೆಂಗಳೂರು

ಮೂರು ವಾರ ಆಯಿತು. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಮೇಡಂ ಬರೆದಿದ್ದನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಕೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅವತ್ತು ರಾತ್ರಿ ಕಥೆ ಹತ್ತೂವರೆ ತನಕ ನಡೆಯಿತು. ನಾನು ಬೇಗ ಮಲಗಿ ಅನ್ನಲಿಲ್ಲ.

ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಯ ಪರದೆ ಹಿಂದೆ ನೀರಿದೆಯಂತೆ, ಬಲಗಡೆ ಜಾಸ್ತಿ. ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಟಿವಿ ಸೌಂಡು ಜಾಸ್ತಿ ಇಡುತ್ತಾನೆ ಅಂತ ನಾನು ಎಷ್ಟು ಸಲ ಗದರಿದ್ದೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಚೀಟಿ ಆಟ ಈಗ ಅಡುಗೆಮನೆಗೆ ಬಂದಿದೆ. ಡಬ್ಬಗಳಿಗೆ ಹೆಸರು ಅಂಟಿಸಿದ್ದೇವೆ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ. ಮೊನ್ನೆ ಅತ್ತೆ ಅನ್ನಕ್ಕೆ ಅಳೆಯುತ್ತಾ ನಿಂತಿದ್ದರು. ಪುಟ್ಟ ಡಬ್ಬದ ಮೇಲೆ ಬೆರಳಿಟ್ಟು ‘ಅಕ್… ಕಿ’ ಅಂತ ಓದಿದ, ಎರಡು ಚಪ್ಪಾಳೆ ಹೊಡೆದ. ಆಮೇಲೆ ಅಜ್ಜಿಯನ್ನು ಕೇಳಿದ, “ಅಜ್ಜಿ, ಮರದ ಮೇಲೆ ಕೂರುತ್ತಲ್ಲ, ಅದಕ್ಕೆ ಏನಂತೀಯಾ?” ಅತ್ತೆ “ಅಕ್ಕಿ” ಅಂದರು. “ಅನ್ನಕ್ಕೆ ಹಾಕೋದಕ್ಕೆ?” “ಅದೂ ಅಕ್ಕೀನೇ.” ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಪುಸ್ತಕದಲ್ಲಿ ಹಾರೋ ಅಕ್ಕಿಗೆ ಹ ಹಾಕ್ತಾರೆ ಅಜ್ಜಿ. ಹಾರೋದರ ಹ” ಅಂದ. ಅತ್ತೆ ಅಳತೆ ಪಾವು ಕೆಳಗಿಟ್ಟು ಅವನ ಕೆನ್ನೆ ಸವರಿ ಲಟಿಕೆ ಮುರಿದರು.

ಹೊಟ್ಟೆನೋವು ಪೂರ್ತಿ ನಿಂತಿಲ್ಲ. ಟೀಚರ್ ಹತ್ತಿರ ಮೇಷ್ಟ್ರು ಹೇಳಿದ ಹಾಗೇ ಕೇಳಿಕೊಂಡೆ, ಒಪ್ಪಿದ್ದಾರೆ. ‘ರಸ್ತೆ’ ಬಂತು, ‘ನಿಲ್ದಾಣ’ ಬಂತು. ‘ಸೂರ್ಯ’ ಮಾತ್ರ ಇನ್ನೂ ‘ಸೂಯರ’. ಅದಕ್ಕೆ ಏನು ಮಾಡಲಿ ಮೇಡಂ?

ಸ್ಪೀಚ್ ಥೆರಪಿಸ್ಟ್, ಮೈಸೂರು

ಓದಿ ತುಂಬಾ ಖುಷಿಯಾಯಿತು. ‘ಹಾರೋದರ ಹ’ ನನ್ನ ಹತ್ತಿರ ಬರುವ ಮಕ್ಕಳಿಗೂ ಹೇಳಿಕೊಡುತ್ತೇನೆ.

‘ಸೂರ್ಯ’ಕ್ಕೆ ಅವಸರ ಬೇಡ. ಸದ್ಯಕ್ಕೆ ಅರ್ಕಾವತ್ತು ಬಿಟ್ಟು, ರ ಬರೆದು ಅದರ ಕೆಳಗೆ ಯ ಒತ್ತು ಕೊಟ್ಟು ಬರೆಯಿರಿ. ಹಾಗೂ ಬರೆಯಬಹುದು, ತಪ್ಪಲ್ಲ. ಆಗ ಕಣ್ಣಿಗೂ ರ ಮೊದಲು, ಬಾಯಿಗೂ ರ ಮೊದಲು. ಅದು ಸಲೀಸಾದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಕಿವಿಯ ಎರಡನೇ ರಿಪೋರ್ಟ್ ಬಂದ ದಿನ ಇಲ್ಲಿ ಬರೆಯಿರಿ. ಆ ನೀರು ಮೂರು ತಿಂಗಳಾದರೂ ಇಳಿಯದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಮುಂದೇನು ಅಂತ ಕೇಳಲೇಬೇಕು. ಅಲ್ಲಿಯ ತನಕ ಅವನ ಹತ್ತಿರ ಮಾತಾಡುವಾಗ ಎಡಗಡೆ ಕೂತುಕೊಳ್ಳಿ, ಮುಖ ಕಾಣುವ ಹಾಗೆ. ಕ್ಲಾಸಿನಲ್ಲೂ ಮುಂದಿನ ಬೆಂಚು ಕೇಳಿ.